ಮುಂಬೈಯಲ್ಲಿ ತೀರಿಕೊಂಡ ಸೋದರಮಾವನ ಸೊಸೈಟಿ ಫ್ಲಾಟ್: ನಾಮಿನಿ ನಾನು, ವಾರಸುದಾರರು ಯಾರು?

ಕೆಲಗೇರಿ_82

ಮುಲುಂಡ್‌ನಲ್ಲಿ ನಮ್ಮ ಸೋದರಮಾವನ ಹೆಸರಿನಲ್ಲಿ ಒಂದು ಬೆಡ್‌ರೂಮಿನ ಫ್ಲಾಟ್ ಇದೆ. ಕೋಆಪರೇಟಿವ್ ಹೌಸಿಂಗ್ ಸೊಸೈಟಿ, 1983ರಲ್ಲಿ ಅವರೇ ಮೊದಲ ಸದಸ್ಯರಾಗಿ ತಗೊಂಡದ್ದು. ಅವರು ಮದುವೆಯಾಗಿರಲಿಲ್ಲ. 2023ರ ನವೆಂಬರ್‌ನಲ್ಲಿ ತೀರಿಕೊಂಡರು, ಉಯಿಲು ಬರೆದಿಲ್ಲ. ಸೊಸೈಟಿಯ ದಾಖಲೆಯಲ್ಲಿ ನಾಮಿನಿ ನಾನು. ಅಜ್ಜ, ಅಜ್ಜಿ 1990ರ ದಶಕದಲ್ಲೇ ಹೋದರು. ಒಡಹುಟ್ಟಿದವರಲ್ಲಿ ಈಗ ಇರುವವರು ಇಬ್ಬರೇ: ಧಾರವಾಡದಲ್ಲಿ ನಮ್ಮ ತಾಯಿ, ಮೈಸೂರಿನಲ್ಲಿ ಚಿಕ್ಕ ಮಾವ. ದೊಡ್ಡ ಮಾವ 2019ರಲ್ಲಿ ತೀರಿಕೊಂಡರು, ಅವರಿಗೆ ಇಬ್ಬರು ಮಕ್ಕಳಿದ್ದಾರೆ.

ಫ್ಲಾಟನ್ನು ನಮ್ಮಲ್ಲೇ ಉಳಿಸಿಕೊಳ್ಳುವ ಆಸೆ. ಈಗಿನ ಬೆಲೆ ಸುಮಾರು 1 ಕೋಟಿ 10 ಲಕ್ಷ ಎನ್ನುತ್ತಾರೆ. ಚಿಕ್ಕ ಮಾವ ತಮ್ಮ ಪಾಲಿಗೆ 55 ಲಕ್ಷ ತಗೊಂಡು ಬಿಟ್ಟುಕೊಡಲು ಸಿದ್ಧರಿದ್ದಾರೆ, ಜಗಳವೇನಿಲ್ಲ. ಗೊಂದಲ ಇಷ್ಟು:

ನಾಮಿನಿ ಆದ್ದರಿಂದ ಫ್ಲಾಟ್ ನೇರ ನನ್ನದೇ ಎಂದು ಸೊಸೈಟಿಯವರು ಹೇಳುತ್ತಾರೆ. ನಿಜವೇ? ದೊಡ್ಡ ಮಾವನ ಮಕ್ಕಳಿಗೆ ಪಾಲು ಬರುತ್ತದೆಯೇ? ವರ್ಗಾವಣೆಗೆ 25,000 ಪ್ರೀಮಿಯಂ ಮತ್ತು ಬೀಗ ಹಾಕಿದ ಎರಡು ವರ್ಷಕ್ಕೆ ನಾನ್ ಆಕ್ಯುಪೆನ್ಸಿ ಚಾರ್ಜ್ ಕೇಳಿದ್ದಾರೆ, ಕೊಡಬೇಕೆ? ಶೇರ್ ಸರ್ಟಿಫಿಕೇಟ್ (ಸದಸ್ಯತ್ವಕ್ಕೆ ಸೊಸೈಟಿ ಕೊಡುವ ಪತ್ರ) ಮನೆಯಲ್ಲಿ ಎಲ್ಲೂ ಸಿಕ್ಕಿಲ್ಲ. ಧಾರವಾಡದ ನಾಡಕಚೇರಿಯಿಂದ ತಂದ ವಂಶವೃಕ್ಷ ಮುಂಬೈಯಲ್ಲಿ ನಡೆಯುತ್ತದೆಯೇ?

---

ಮಾಟುಂಗಾ_ಮಳೆ

ನಾಮಿನೇಶನ್ ಇದ್ದರೆ ಸೊಸೈಟಿ ನಾಮಿನಿಗೇ ವರ್ಗಾಯಿಸಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟೇ ಇಂದ್ರಾಣಿ ವಾಹಿ ಪ್ರಕರಣದಲ್ಲಿ ಹೇಳಿದೆ. ಫಾರ್ಮ್ ತುಂಬಿ ಹೆಸರು ಹಾಕಿಸಿಕೊಳ್ಳಿ, ಮುಗೀತು. ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ?

---

ದಸ್ತಾವೇಜು

ಮೇಲಿನ ಉತ್ತರ ಅರ್ಧ ಸರಿ. ಉಳಿದರ್ಧವನ್ನು ನಂಬಿ ನಡೆದರೆ ಮುಂದೆ ಮಾರುವಾಗ ಸಿಕ್ಕಿಬೀಳುತ್ತೀರಿ.

ಇಂದ್ರಾಣಿ ವಾಹಿ ಪ್ರಕರಣ ಪಶ್ಚಿಮ ಬಂಗಾಳದ ಸಹಕಾರ ಕಾಯ್ದೆಯದು. ಅಲ್ಲಿಯೂ ಕೋರ್ಟ್ ಹೇಳಿದ್ದು ಸೊಸೈಟಿ ತನ್ನ ದಾಖಲೆಯಲ್ಲಿ ನಾಮಿನಿಯ ಹೆಸರು ಹಾಕಬೇಕು ಎಂಬುದನ್ನು. ಒಡೆತನ ಯಾರದು ಎಂಬುದನ್ನು ಕುಟುಂಬದವರು ಬೇರೆಯಾಗಿ ಇತ್ಯರ್ಥ ಮಾಡಿಕೊಳ್ಳಬಹುದು ಎಂದು ಅದೇ ತೀರ್ಪಿನಲ್ಲಿದೆ. ಮಹಾರಾಷ್ಟ್ರದಲ್ಲಂತೂ ಈ ಗೊಂದಲಕ್ಕೆ 2019ರಲ್ಲೇ ತೆರೆ ಬಿದ್ದಿದೆ. ಸಹಕಾರ ಸಂಘಗಳ ಕಾಯ್ದೆಗೆ ಹೌಸಿಂಗ್ ಸೊಸೈಟಿಗಳಿಗೆಂದೇ ಸೇರಿಸಿದ ಅಧ್ಯಾಯದ 154ಬಿ-13ನೇ ಕಲಂ ಪ್ರಕಾರ ನಾಮಿನಿ ಕೇವಲ ತಾತ್ಕಾಲಿಕ ಸದಸ್ಯ. ಕಾನೂನುಬದ್ಧ ವಾರಸುದಾರರು ಸದಸ್ಯರಾಗಿ ಸೇರುವವರೆಗೆ ಮೇಂಟೆನೆನ್ಸ್ ಕಟ್ಟಿಕೊಂಡು, ಪತ್ರವ್ಯವಹಾರ ಮಾಡಿಕೊಂಡು, ಫ್ಲಾಟನ್ನು ಕಾಯುವ ಜವಾಬ್ದಾರಿ ನಿಮ್ಮದು. ಮಾರುವ, ದಾನ ಕೊಡುವ, ಅಡವಿಡುವ ಅಧಿಕಾರ ನಿಮಗೆ ಬರುವುದಿಲ್ಲ.

ಹಾಗಾದರೆ ವಾರಸುದಾರರು ಯಾರು? ಹೆಚ್ಚಿನವರು ತಪ್ಪುವುದು ಇಲ್ಲೇ. ನಿಮ್ಮ ಮಾವನಿಗೆ ಹೆಂಡತಿ, ಮಕ್ಕಳು ಇರಲಿಲ್ಲ, ತಾಯಿಯೂ ಮೊದಲೇ ಹೋಗಿದ್ದರು. ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ವರ್ಗದಲ್ಲಿ ಯಾರೂ ಇಲ್ಲ. ಎರಡನೇ ವರ್ಗದ ಮೊದಲ ಸಾಲಿನಲ್ಲಿ ಇರುವುದು ತಂದೆ ಒಬ್ಬರೇ, ಅವರೂ ಇಲ್ಲ. ಆಮೇಲಿನ ಸಾಲಿನಲ್ಲಿ ಬದುಕಿರುವ ಅಣ್ಣತಮ್ಮ, ಅಕ್ಕತಂಗಿಯರು ಬರುತ್ತಾರೆ. ಒಂದೇ ಸಾಲಿನಲ್ಲಿ ಇದ್ದವರಿಗೆ ಸಮಪಾಲು, ಗಂಡು ಹೆಣ್ಣು ಎಂಬ ಭೇದವಿಲ್ಲ. ಮೇಲಿನ ಸಾಲಿನಲ್ಲಿ ಒಬ್ಬರಿದ್ದರೂ ಕೆಳಗಿನ ಸಾಲಿನವರಿಗೆ ಏನೂ ಬರುವುದಿಲ್ಲ. ಅಣ್ಣನ ಮಕ್ಕಳು, ಅಕ್ಕನ ಮಕ್ಕಳು ಇರುವುದು ಎರಡು ಸಾಲು ಕೆಳಗೆ. ಆದ್ದರಿಂದ ದೊಡ್ಡ ಮಾವನ ಮಕ್ಕಳಿಗೂ ಪಾಲಿಲ್ಲ, ನಾಮಿನಿಯಾದ ನಿಮಗೂ ಇಲ್ಲ. ನಿಮ್ಮ ತಾಯಿಗೆ ಅರ್ಧ, ಚಿಕ್ಕ ಮಾವನಿಗೆ ಅರ್ಧ.

‘ತಂದೆಯ ಪಾಲು ಮಕ್ಕಳಿಗೆ ಇಳಿಯಬೇಕಲ್ಲ’ ಎಂದು ದೊಡ್ಡ ಮಾವನ ಮಕ್ಕಳು ಕೇಳುವುದು ಸಹಜ. ಮೊದಲ ವರ್ಗದಲ್ಲಿ ಮೊದಲೇ ತೀರಿಕೊಂಡ ಮಗನ ಮಕ್ಕಳಿಗೆ ಪಾಲು ಇಳಿಯುತ್ತದೆ, ಒಡಹುಟ್ಟಿದವರ ಸಾಲಿಗೆ ಆ ನಿಯಮವಿಲ್ಲ. ಎಲ್ಲವೂ ನಿಂತಿರುವುದು ಸಾವಿನ ಅನುಕ್ರಮದ ಮೇಲೆ. ದೊಡ್ಡ ಮಾವ 2023ರ ನಂತರ ತೀರಿಕೊಂಡಿದ್ದರೆ ಮೂರನೇ ಒಂದು ಪಾಲು ಅವರಿಗೆ ಸೇರಿ, ಅವರ ಹೆಂಡತಿ ಮಕ್ಕಳಿಗೆ ಹೋಗುತ್ತಿತ್ತು. ಹಾಗಾಗಿ ದೊಡ್ಡ ಮಾವ, ಅಜ್ಜ, ಅಜ್ಜಿ ಮೂವರ ಮರಣ ಪ್ರಮಾಣಪತ್ರವೂ ಕಡತದಲ್ಲಿ ಇರಬೇಕು. ಅಜ್ಜಿಯದು ಸಿಗದಿದ್ದರೆ ಈಗಲೇ ಹುಡುಕಲು ಶುರು ಮಾಡಿ. ಆ ಕಾಲದ ಸಾವು ನೋಂದಣಿಯೇ ಆಗಿಲ್ಲದಿದ್ದರೆ ತಡವಾದ ನೋಂದಣಿಯ ದಾರಿ ಹಿಡಿಯಬೇಕಾಗುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ವಂಶವೃಕ್ಷದ ಬಗ್ಗೆ: ಕರ್ನಾಟಕದಲ್ಲಿ ನಾಡಕಚೇರಿಯ ಕಾಗದದಿಂದ ಬಹಳಷ್ಟು ಕೆಲಸ ಆಗುತ್ತದೆ. ಮುಂಬೈಯಲ್ಲಿ ‘ಲೀಗಲ್ ಹೇರ್‌ಶಿಪ್ ಸರ್ಟಿಫಿಕೇಟ್’ ಎಂದರೆ 1827ರ ಬಾಂಬೆ ರೆಗ್ಯುಲೇಶನ್ 8ರ ಅಡಿ ಕೋರ್ಟ್ ಕೊಡುವ ಪತ್ರ. ಸೊಸೈಟಿ ಆ ಹೆಸರು ಹೇಳಿ ಕೇಳಿದರೆ ನಿಮ್ಮ ವಂಶವೃಕ್ಷ ಅದರ ಜಾಗದಲ್ಲಿ ನಿಲ್ಲುವುದಿಲ್ಲ. ಆದರೂ ಬಿಸಾಡಬೇಡಿ. ನಿಮ್ಮ ತಾಯಿ ಆ ಮಾವನ ಒಡಹುಟ್ಟಿದ ತಂಗಿ ಎಂದು ತೋರಿಸುವ ದೊಡ್ಡ ಪುರಾವೆ ಅದೇ. ನಮ್ಮ ಕಡೆಯವರ ಕಾಗದಗಳಲ್ಲಿ ತೊಡಕಾಗುವುದು ಹೆಸರಿನಲ್ಲಿ: ಶೇರ್ ಸರ್ಟಿಫಿಕೇಟ್‌ನಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಡ್ಡಹೆಸರು, ತಾಯಿಯ ಹೆಸರಿನ ಮುಂದೆ ಗಂಡನ ಮನೆಯ ಹೆಸರು. ತಾಯಿ ಮತ್ತು ಚಿಕ್ಕ ಮಾವನ ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಒಂದೇ ಇರುತ್ತದಲ್ಲ, ಅದನ್ನು ತೆಗೆಸಿ. ಜೊತೆಗೆ ಇಬ್ಬರೂ ‘ಈ ಎರಡೂ ಹೆಸರಿನ ವ್ಯಕ್ತಿ ಒಬ್ಬರೇ’ ಎಂಬ ಅಫಿಡವಿಟ್ ಮಾಡಿಸಲಿ.

ಕೋರ್ಟಿಗೆ ಹೋಗಲೇಬೇಕೆ? ಇಬ್ಬರೂ ಒಪ್ಪಿರುವಾಗ ಬೇಕಿಲ್ಲ. ಉಯಿಲು, ಸಕ್ಸೆಶನ್ ಸರ್ಟಿಫಿಕೇಟ್, ಹೇರ್‌ಶಿಪ್ ಸರ್ಟಿಫಿಕೇಟ್‌ಗಳ ಜೊತೆಗೆ ವಾರಸುದಾರರು ಮಾಡಿಕೊಂಡ ಕುಟುಂಬ ಒಪ್ಪಂದವನ್ನೂ 154ಬಿ-13 ಒಪ್ಪುತ್ತದೆ. ಒಬ್ಬ ವಾರಸುದಾರ ತಕರಾರು ತೆಗೆದರೆ ಮಾತ್ರ ಸೊಸೈಟಿ ಕೈಕಟ್ಟಿ ಕೂತು ಕೋರ್ಟಿನ ಕಾಗದ ಕೇಳುತ್ತದೆ. ಆಗ ಅದು ಕೇಳುವುದು ತಪ್ಪೂ ಅಲ್ಲ.

---

ಹಳೇ_ಕಾರ್ಯದರ್ಶಿ

ಸೊಸೈಟಿ ಕಚೇರಿಯ ಕೆಲಸದ ಬಗ್ಗೆ ನಾನು ಹೇಳುತ್ತೇನೆ.

25,000 ಕೊಡಬೇಡಿ. ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ ಪ್ರೀಮಿಯಂನ ಗರಿಷ್ಠ ಮಿತಿ ಅಷ್ಟು, 2001ರ ಆಗಸ್ಟ್‌ನ ಸರ್ಕಾರಿ ಆದೇಶ. ಅದು ಹೊರಗಿನವರಿಗೆ ಮಾರಿದಾಗ ಅನ್ವಯ. ವಾರಸುದಾರರಿಗೆ, ನಾಮಿನಿಗೆ, ಕುಟುಂಬದೊಳಗೆ ವರ್ಗಾವಣೆಯಾದರೆ ಪ್ರೀಮಿಯಂ ಇಲ್ಲ. ಕೊಡಬೇಕಾದ್ದು ವರ್ಗಾವಣೆ ಶುಲ್ಕ 500, ಪ್ರವೇಶ ಶುಲ್ಕ 100. ‘ಸ್ವಂತ ಇಚ್ಛೆಯ ದೇಣಿಗೆ’ ಅಂತ ಬೇರೆ ಹೆಸರಿನಲ್ಲಿ ಕೇಳಿದರೆ ಬರಹದಲ್ಲಿ ಕೊಡಿ ಎನ್ನಿ. ಇಲ್ಲೊಂದು ಸೂಕ್ಷ್ಮ ಇದೆ: ಬೈಲಾದ (ಸೊಸೈಟಿಯ ನಿಯಮಾವಳಿಯ) ಕುಟುಂಬ ವ್ಯಾಖ್ಯೆಯಲ್ಲಿ ಅಣ್ಣತಮ್ಮ, ಅಕ್ಕತಂಗಿ ಇದ್ದಾರೆ, ಸೋದರಳಿಯ ಇಲ್ಲ. ಚಿಕ್ಕ ಮಾವ ತಮ್ಮ ಅರ್ಧವನ್ನು ನೇರ ನಿಮಗೆ ಮಾರಿದರೆ ಪ್ರೀಮಿಯಂ ಕೇಳಲು ಅವರಿಗೆ ದಾರಿ ಸಿಗುತ್ತದೆ. ತಾಯಿಗೆ ಬಿಟ್ಟುಕೊಟ್ಟರೆ ಸಿಗುವುದಿಲ್ಲ.

ನಾನ್ ಆಕ್ಯುಪೆನ್ಸಿ ಚಾರ್ಜ್ ಬಾಡಿಗೆಗೆ ಕೊಟ್ಟ ಫ್ಲಾಟಿಗೆ. ಅದೂ ಸರ್ವಿಸ್ ಚಾರ್ಜ್‌ನ 10%ಗಿಂತ ಹೆಚ್ಚಿಲ್ಲ, ಆ ಲೆಕ್ಕದಲ್ಲಿ ಪಾಲಿಕೆ ತೆರಿಗೆ ಸೇರುವುದಿಲ್ಲ. ಬೀಗ ಹಾಕಿದ ಫ್ಲಾಟಿಗೆ ಹಾಕುವಂತಿಲ್ಲ. ಮೇಂಟೆನೆನ್ಸ್ ಬಾಕಿ ಮಾತ್ರ ಪೂರ್ತಿ ಕಟ್ಟಿ. ಬಾಕಿಯ ಬಡ್ಡಿ ವರ್ಷಕ್ಕೆ 21% ಸರಳ ಬಡ್ಡಿವರೆಗೆ ಹಾಕಬಹುದು. ಬಿಲ್ಲಿನಲ್ಲಿ ಚಕ್ರಬಡ್ಡಿ ಹಾಕಿದ್ದಾರೆಯೇ ನೋಡಿ, ಅಕೌಂಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಆ ತಪ್ಪು ತುಂಬಾ.

ಶೇರ್ ಸರ್ಟಿಫಿಕೇಟ್: ಮೊದಲು ಮಾವನ ಬ್ಯಾಂಕ್ ಲಾಕರ್ ನೋಡಿ. ಮಾವ ಎಂದಾದರೂ ಗೃಹಸಾಲ ತಗೊಂಡಿದ್ದರೆ ಮೂಲ ಪತ್ರ ಬ್ಯಾಂಕಿನಲ್ಲೇ ಉಳಿದಿರಬಹುದು. ಸೊಸೈಟಿಯ ‘ಐ’ ರಿಜಿಸ್ಟರ್, ಅಂದರೆ ಸದಸ್ಯರ ರಿಜಿಸ್ಟರ್ ತೆರೆಸಿ. ಸರ್ಟಿಫಿಕೇಟ್ ನಂಬರ್, ಶೇರ್‌ಗಳ ಸಂಖ್ಯೆ, ಅಡವಿನ ಟಿಪ್ಪಣಿ ಅದರಲ್ಲಿರುತ್ತದೆ. ನಿಜಕ್ಕೂ ಕಳೆದಿದ್ದರೆ ಪೊಲೀಸರಲ್ಲಿ ಕಳೆದ ವಸ್ತುವಿನ ದೂರು, ಪತ್ರಿಕಾ ಪ್ರಕಟಣೆ, ಸ್ಟಾಂಪ್ ಪೇಪರ್ ಮೇಲೆ ಇಂಡೆಮ್ನಿಟಿ ಬಾಂಡ್ (ಮುಂದೆ ನಷ್ಟವಾದರೆ ನಾವೇ ಹೊಣೆ ಎಂಬ ಮುಚ್ಚಳಿಕೆ) ಕೊಟ್ಟು ನಕಲು ಪ್ರತಿ ಪಡೆಯಬೇಕು. ಕಳೆದದ್ದರ ಪ್ರಕಟಣೆಯನ್ನೂ ವಾರಸುದಾರಿಕೆಯ ಪ್ರಕಟಣೆಯನ್ನೂ ಒಂದೇ ಜಾಹೀರಾತಿನಲ್ಲಿ ಕೊಡಿಸಿದರೆ ಖರ್ಚು ಅರ್ಧ.

ವಾರಸುದಾರಿಕೆಯ ಪ್ರಕಟಣೆ, ಅಂದರೆ ಬೇರೆ ಹಕ್ಕುದಾರರಿದ್ದರೆ ಮುಂದೆ ಬರಲಿ ಎಂಬ ಸೂಚನೆ, ಬೈಲಾದ 16ನೇ ಅನುಬಂಧದ ಮಾದರಿಯಲ್ಲಿ, ಕನಿಷ್ಠ ಎರಡು ಸ್ಥಳೀಯ ಪತ್ರಿಕೆಗಳಲ್ಲಿ. ವಾಡಿಕೆಯಲ್ಲಿ ಒಂದು ಮರಾಠಿ, ಒಂದು ಇಂಗ್ಲಿಷ್. ಕೊಡುವುದು ಸೊಸೈಟಿ, ಖರ್ಚು ನಿಮ್ಮದು. ಅದರ ಒಂದು ಪ್ರತಿ ಸೊಸೈಟಿಯ ನೋಟಿಸ್ ಬೋರ್ಡ್ ಮೇಲೂ ಇರಬೇಕು. ಆಕ್ಷೇಪಣೆಗೆ ಸಾಮಾನ್ಯವಾಗಿ ಸುಮಾರು ಎರಡು ವಾರದ ಅವಧಿ. ಪತ್ರಿಕೆಯ ಇಡೀ ಪುಟವನ್ನು ಎತ್ತಿಡಿ. ಕತ್ತರಿಸಿದ ತುಣುಕಿನಲ್ಲಿ ದಿನಾಂಕ ಇರುವುದಿಲ್ಲ, ಮುಂದೆ ಕೊಳ್ಳುವವನ ಬ್ಯಾಂಕ್ ಅದನ್ನು ಒಪ್ಪುವುದಿಲ್ಲ.

ನಾಮಿನಿ ಆರು ತಿಂಗಳೊಳಗೆ ಅರ್ಜಿ ಕೊಡಬೇಕೆಂದು ಬೈಲಾ ಹೇಳುತ್ತದೆ. ನಿಮಗೆ ಅದು ದಾಟಿದೆ, ಹೆದರಬೇಡಿ, ಅದರಿಂದ ವಾರಸುದಾರರ ಹಕ್ಕು ಹೋಗುವುದಿಲ್ಲ. ನಿಮ್ಮ ಪ್ರಕರಣದಲ್ಲಿ ತಾತ್ಕಾಲಿಕ ಸದಸ್ಯತ್ವಕ್ಕೆ ಅರ್ಜಿ ಹಾಕುವ ಅಗತ್ಯವೇ ನನಗೆ ಕಾಣುವುದಿಲ್ಲ. ‘ನಾನು ನಾಮಿನಿ, ಆದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ನನ್ನ ಆಕ್ಷೇಪವಿಲ್ಲ’ ಎಂದು ಒಂದು ಪತ್ರ ಕೊಡಿ. ತಾಯಿ ಮತ್ತು ಚಿಕ್ಕ ಮಾವ ವಾರಸುದಾರರಾಗಿ ಸದಸ್ಯತ್ವ ಕೇಳುವ 17ನೇ ಅನುಬಂಧದ ಅರ್ಜಿ ಕೊಡಲಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೊಸೈಟಿಯ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇದು ಬಹಳ ಮುಖ್ಯ, ಏಕೆಂದರೆ ಮೂರು ತಿಂಗಳ ಗಡುವು ಎಣಿಸುವುದು ಆ ದಿನಾಂಕದಿಂದ. ಅಷ್ಟರೊಳಗೆ ತೀರ್ಮಾನ ತಿಳಿಸದಿದ್ದರೆ ನಿಮ್ಮ ವಾರ್ಡಿನ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಹೋಗಬಹುದು. ಅರ್ಜಿ ತಗೊಳ್ಳಲೇ ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ್ದರ ಪುರಾವೆ ಇಟ್ಟುಕೊಳ್ಳಿ.

ಇನ್ನೊಂದು. ಕಟ್ಟಡ 1983ರದು ಎಂದಿರಿ. ರೀಡೆವಲಪ್‌ಮೆಂಟ್ ಮಾತು ನಡೆದಿದ್ದರೆ ಎಲ್ಲಕ್ಕಿಂತ ಮೊದಲು ಈ ಕೆಲಸ ಮುಗಿಸಿ. ಬಿಲ್ಡರ್ ಹೊಸ ಫ್ಲಾಟಿನ ಒಪ್ಪಂದ ಮಾಡಿಕೊಳ್ಳುವುದು ದಾಖಲೆಯಲ್ಲಿರುವ ಸದಸ್ಯರ ಜೊತೆ. ಸತ್ತವರ ಹೆಸರಿನಲ್ಲೇ ಇದ್ದರೆ ಮನೆ ಖಾಲಿ ಮಾಡಿದ ಮೇಲೆ ಬರುವ ಬಾಡಿಗೆ ಹಣವೂ ತಡೆದು ನಿಲ್ಲುತ್ತದೆ.

---

ಕೆಲಗೇರಿ_82

ಇಬ್ಬರಿಗೂ ಧನ್ಯವಾದ. ದೊಡ್ಡ ಮಾವನ ಮಕ್ಕಳ ವಿಚಾರ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಅಂದರೆ ಚಿಕ್ಕ ಮಾವ ಮೊದಲು ತಾಯಿಗೆ ರಿಲೀಸ್ ಡೀಡ್ (ಹಕ್ಕು ಬಿಟ್ಟುಕೊಡುವ ಪತ್ರ) ಮಾಡಿ, ಆಮೇಲೆ ತಾಯಿ ನನಗೆ ಗಿಫ್ಟ್ ಮಾಡಿದರೆ ಎರಡಕ್ಕೂ 200 ರೂಪಾಯಿ ಸ್ಟಾಂಪ್ ಸಾಕು ಎಂದು ಒಬ್ಬ ಏಜೆಂಟ್ ಹೇಳಿದರು. ಸರಿಯೇ? ಚಿಕ್ಕ ಮಾವನಿಗೆ 74, ಮುಂಬೈಗೆ ಬರುವುದು ಕಷ್ಟ.

---

ದಸ್ತಾವೇಜು

ದಾರಿ ಸರಿ, ಲೆಕ್ಕ ಸರಿಯಿಲ್ಲ.

ರಿಲೀಸ್ ಡೀಡ್ ಒಬ್ಬ ಸಹ ಒಡೆಯ ಇನ್ನೊಬ್ಬ ಸಹ ಒಡೆಯರಿಗೆ ಮಾತ್ರ ಮಾಡಬಹುದು. ಚಿಕ್ಕ ಮಾವ ತಾಯಿಗೆ ಮಾಡಬಹುದು, ನೇರ ನಿಮಗೆ ಮಾಡಿದರೆ ಹೆಸರು ರಿಲೀಸ್ ಆದರೂ ಸ್ಟಾಂಪ್ ಕಚೇರಿ ಅದನ್ನು ಕ್ರಯಪತ್ರ ಎಂದೇ ಎಣಿಸುತ್ತದೆ. ಅಣ್ಣತಮ್ಮ ಅಕ್ಕತಂಗಿಯರ ನಡುವಿನ ರಿಲೀಸ್‌ಗೆ ಮಹಾರಾಷ್ಟ್ರದಲ್ಲಿ ಸ್ಟಾಂಪ್ ಕೆಲವು ನೂರು ರೂಪಾಯಿ ಮಾತ್ರ ಎಂಬುದು ನಿಜ, ಆದರೆ ಆ ಕಲಮಿನಲ್ಲಿ ‘ಪಿತ್ರಾರ್ಜಿತ ಆಸ್ತಿ’ ಎಂಬ ಮಾತಿದೆ. ಅಣ್ಣನ ಸ್ವಯಾರ್ಜಿತ ಫ್ಲಾಟ್ ಒಡಹುಟ್ಟಿದವರಿಗೆ ಬಂದಾಗ ಅದು ಆ ಮಾತಿಗೆ ಸೇರುತ್ತದೆಯೇ ಎಂದು ಸಬ್ ರಿಜಿಸ್ಟ್ರಾರ್ ಪ್ರಶ್ನೆ ಎತ್ತಬಹುದು. ಅದರ ಮೇಲೆ 55 ಲಕ್ಷ ಕೈಬದಲಾಗುತ್ತಿದೆ. ಹಣ ಪಡೆದು ಬಿಟ್ಟುಕೊಡುವ ಹಕ್ಕಿಗೆ ಪೂರ್ತಿ ಕ್ರಯದ ಸ್ಟಾಂಪ್ ಕೇಳುವ ಸಂಭವವೇ ಹೆಚ್ಚು. ಹಣದ ಸಂಗತಿ ಮುಚ್ಚಿಟ್ಟು ‘ಪ್ರೀತಿ ವಿಶ್ವಾಸದಿಂದ’ ಎಂದು ಬರೆಸುವ ಸಲಹೆ ಏಜೆಂಟರು ಕೊಡುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಬ್ಯಾಂಕ್ ಖಾತೆಯಲ್ಲಿ 55 ಲಕ್ಷ ಕಾಣುತ್ತದೆ, ಪತ್ರದಲ್ಲಿ ಕಾಣುವುದಿಲ್ಲ. ಆಮೇಲೆ ಸ್ಟಾಂಪ್ ಇಲಾಖೆಗೂ ಆದಾಯ ತೆರಿಗೆಗೂ ಉತ್ತರ ಹೇಳಬೇಕಾದವರು ಚಿಕ್ಕ ಮಾವ.

ಸರಿಯಾದ ಕ್ರಮ ಎಂದರೆ ಸಹಿ ಹಾಕುವ ಮೊದಲು ಕರಡು ಪತ್ರವನ್ನು ಸ್ಟಾಂಪ್ ಕಲೆಕ್ಟರ್ ಮುಂದೆ ಅಡ್ಜುಡಿಕೇಶನ್‌ಗೆ, ಅಂದರೆ ಎಷ್ಟು ಸ್ಟಾಂಪ್ ಬೇಕು ಎಂಬ ತೀರ್ಮಾನಕ್ಕೆ ಹಾಕುವುದು. ಮಹಾರಾಷ್ಟ್ರ ಸ್ಟಾಂಪ್ ಕಾಯ್ದೆಯ 31ನೇ ಕಲಂ. ಅವರು ಹೇಳಿದಷ್ಟು ಕಟ್ಟಿದ ಮೇಲೆ ಸಬ್ ರಿಜಿಸ್ಟ್ರಾರ್ ತಕರಾರು ಎತ್ತುವುದಿಲ್ಲ. ಕೆಟ್ಟದ್ದಕ್ಕೆ ಸಿದ್ಧವಾಗಿ ಲೆಕ್ಕ ಹಾಕಿ: ಅರ್ಧ ಪಾಲಿನ ರೆಡಿ ರೆಕನರ್ ಬೆಲೆ (ಸರ್ಕಾರ ನಿಗದಿ ಮಾಡಿದ ಬೆಲೆ) ಅಥವಾ 55 ಲಕ್ಷ, ಯಾವುದು ಹೆಚ್ಚೋ ಅದರ ಮೇಲೆ ಮುಂಬೈಯಲ್ಲಿ 5% ಸ್ಟಾಂಪ್, 1% ಮೆಟ್ರೋ ಸರ್‌ಚಾರ್ಜ್. 55 ಲಕ್ಷಕ್ಕೆ 3 ಲಕ್ಷ 30 ಸಾವಿರ. ಈ ಹೊರೆ ಬರುವುದೇ ಖಚಿತವಾದರೆ ರಿಲೀಸ್ ಬಿಟ್ಟು ತಾಯಿಯ ಹೆಸರಿಗೇ ಕ್ರಯಪತ್ರ ಮಾಡಿಸಿ. ಮನೆ ಹೆಣ್ಣುಮಕ್ಕಳೊಬ್ಬರದೇ ಹೆಸರಿಗೆ ಹೋದರೆ 1% ವಿನಾಯಿತಿ ಇದೆ, 2 ಲಕ್ಷ 75 ಸಾವಿರಕ್ಕೆ ಇಳಿಯುತ್ತದೆ. ನಿಮ್ಮ ಹೆಸರನ್ನೂ ಸೇರಿಸಿದರೆ ವಿನಾಯಿತಿ ಹೋಗುತ್ತದೆ. ನೋಂದಣಿ ಶುಲ್ಕ 1%, ಗರಿಷ್ಠ 30,000.

ಗಿಫ್ಟ್ ಬಗ್ಗೆ. ತಾಯಿ ಮಗನಿಗೆ ವಾಸದ ಮನೆ ದಾನ ಕೊಟ್ಟರೆ ಸ್ಟಾಂಪ್ 200 ರೂಪಾಯಿ ನಿಜ. ಆದರೆ ಮುಂಬೈಯಲ್ಲಿ ಅದರ ಮೇಲೆ ಮಾರುಕಟ್ಟೆ ಬೆಲೆಯ 1% ಸರ್‌ಚಾರ್ಜ್ ಬೇರೆ ಬೀಳುತ್ತದೆ, ಸುಮಾರು 1 ಲಕ್ಷ 10 ಸಾವಿರ. ನನ್ನನ್ನು ಕೇಳಿದರೆ ಈಗ ಗಿಫ್ಟ್ ಬೇಡ. ಫ್ಲಾಟ್ ತಾಯಿಯ ಹೆಸರಿನಲ್ಲೇ ಇರಲಿ, ಅವರು ಒಂದು ನೋಂದಾಯಿತ ಉಯಿಲು ಬರೆಯಲಿ. ಉಯಿಲನ್ನು ಧಾರವಾಡದಲ್ಲೇ ನೋಂದಾಯಿಸಬಹುದು. ಗಿಫ್ಟ್ ಒಮ್ಮೆ ಮಾಡಿದರೆ ವಾಪಸ್ ಪಡೆಯುವುದು ಕಷ್ಟ, ಉಯಿಲನ್ನು ಅವರು ಬದುಕಿರುವವರೆಗೆ ಬದಲಿಸಬಹುದು. ವಯಸ್ಸಾದವರ ಕೈಯಲ್ಲಿ ಆಸ್ತಿ ಇರುವುದು ಅವರಿಗೂ ಧೈರ್ಯ. ನಿಮಗೆ ಒಡಹುಟ್ಟಿದವರಿದ್ದರೆ ಅವರ ಒಪ್ಪಿಗೆಯನ್ನೂ ಮಾತಾಡಿಕೊಳ್ಳಿ.

ಚಿಕ್ಕ ಮಾವ ಬರಲಾಗದಿದ್ದರೆ ಮೈಸೂರಿನ ಸಬ್ ರಿಜಿಸ್ಟ್ರಾರ್ ಮುಂದೆಯೇ ಪವರ್ ಆಫ್ ಅಟಾರ್ನಿ ಬರೆದು ದೃಢೀಕರಿಸಿಕೊಳ್ಳಲಿ. ಬರೀ ನೋಟರಿ ಮಾಡಿಸಿದ್ದನ್ನು ತಂದರೆ ಮುಂಬೈಯ ಕೌಂಟರ್‌ನಲ್ಲಿ ವಾಪಸ್ ಕಳಿಸುವ ಸಾಧ್ಯತೆ ಹೆಚ್ಚು. ಅದರಲ್ಲಿ ಫ್ಲಾಟ್ ನಂಬರ್, ಸೊಸೈಟಿ ನೋಂದಣಿ ಸಂಖ್ಯೆ, ಸಿ.ಟಿ.ಎಸ್. ನಂಬರ್ (ಜಮೀನಿನ ನಗರ ಸರ್ವೆ ಸಂಖ್ಯೆ), 55 ಲಕ್ಷ ಯಾವ ಖಾತೆಗೆ ಬರಬೇಕು ಎಂಬುದು ಬರೆದಿರಲಿ. ಹೊರ ರಾಜ್ಯದಲ್ಲಿ ಬರೆದ ಪತ್ರ ಮಹಾರಾಷ್ಟ್ರಕ್ಕೆ ಬಂದ ಮೂರು ತಿಂಗಳೊಳಗೆ ಅಲ್ಲಿನ ಸ್ಟಾಂಪಿನ ವ್ಯತ್ಯಾಸ ಕಟ್ಟಬೇಕು. ಅಧಿಕಾರ ಪಡೆಯುವವರು ನೀವೇ ಆಗಬೇಡಿ, ಅವರ ಕಡೆಯ ಯಾರಾದರೂ ಆಗಲಿ. ಹಣ ಕೊಡುವವನೇ ಮಾರುವವನ ಪರವಾಗಿ ಸಹಿ ಹಾಕಿದ್ದು ಮುಂದೆ ಎಲ್ಲರ ಕಣ್ಣಿಗೆ ಚುಚ್ಚುತ್ತದೆ.

ಒಂದು ವಿಷಯ ಬಿಟ್ಟುಹೋಯಿತು. ಸೊಸೈಟಿಯ ಪ್ರಾಪರ್ಟಿ ಕಾರ್ಡ್ (ಜಮೀನಿನ ಒಡೆತನದ ಸರ್ಕಾರಿ ದಾಖಲೆ) ತೆಗೆಸಿ ಜಮೀನು ಯಾರದೆಂದು ನೋಡಿ. ಸರ್ಕಾರ ಸೊಸೈಟಿಗೆ ಕೊಟ್ಟ ಜಮೀನಾಗಿದ್ದರೆ, ಜನ ‘ಕಲೆಕ್ಟರ್ ಲ್ಯಾಂಡ್’ ಎನ್ನುತ್ತಾರೆ, ಕ್ರಯ ಅಥವಾ ದಾನಕ್ಕೆ ಮೊದಲು ಕಲೆಕ್ಟರ್ ಅನುಮತಿ ಬೇಕಾಗುತ್ತದೆ. ಮ್ಹಾಡಾ (ಮಹಾರಾಷ್ಟ್ರದ ಗೃಹ ನಿರ್ಮಾಣ ಪ್ರಾಧಿಕಾರ) ಜಮೀನಾದರೆ ಅವರದೇ ಬೇರೆ ಪ್ರಕ್ರಿಯೆ. ಪತ್ರ ನೋಂದಾಯಿಸಿದ ಮೇಲೆ ಇದು ಗೊತ್ತಾದರೆ ಸರಿಪಡಿಸುವುದು ದುಬಾರಿ.

---

ಲೆಕ್ಕದ_ಪುಸ್ತಕ

ತೆರಿಗೆ ಮಾತ್ರ ಹೇಳುತ್ತೇನೆ. ವಾರಸುದಾರಿಕೆಯಿಂದ ಬಂದದ್ದಕ್ಕೆ ತಾಯಿಗಾಗಲಿ ಚಿಕ್ಕ ಮಾವನಿಗಾಗಲಿ ತೆರಿಗೆ ಇಲ್ಲ. ಚಿಕ್ಕ ಮಾವ 55 ಲಕ್ಷ ಪಡೆದಾಗ ಅದು ದೀರ್ಘಾವಧಿ ಬಂಡವಾಳ ಲಾಭ, ಪತ್ರದ ಹೆಸರು ರಿಲೀಸ್ ಆಗಿರಲಿ ಕ್ರಯ ಆಗಿರಲಿ.

1983ರ ಕೊಳ್ಳುವ ಬೆಲೆಯ ಬದಲು 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ ಹಿಡಿಯಬಹುದು, ಆ ದಿನದ ರೆಡಿ ರೆಕನರ್ ಬೆಲೆಗಿಂತ ಹೆಚ್ಚಿಲ್ಲದಂತೆ. ನೋಂದಾಯಿತ ವ್ಯಾಲ್ಯುಯರ್‌ರಿಂದ ವರದಿ ತೆಗೆಸಿ. ಉದಾಹರಣೆಗೆ ಅಂದಿನ ಬೆಲೆ ಇಡೀ ಫ್ಲಾಟಿಗೆ 10 ಲಕ್ಷ ಎಂದುಕೊಳ್ಳಿ, ಅವರ ಅರ್ಧ 5 ಲಕ್ಷ. ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಹಳೆಯ ಬೆಲೆ ಏರಿಸುವುದು) ಇಲ್ಲದೆ ಲಾಭ 50 ಲಕ್ಷ, 12.5%ರಂತೆ 6 ಲಕ್ಷ 25 ಸಾವಿರ. 2025-26ರ ಸೂಚ್ಯಂಕ 376ರಿಂದ 5 ಲಕ್ಷವನ್ನು 18 ಲಕ್ಷ 80 ಸಾವಿರಕ್ಕೆ ಏರಿಸಿದರೆ ಲಾಭ 36 ಲಕ್ಷ 20 ಸಾವಿರ, 20%ರಂತೆ 7 ಲಕ್ಷ 24 ಸಾವಿರ. ಈ ಅಂಕಿಗಳಲ್ಲಿ ಮೊದಲನೆಯದೇ ಲಾಭ. 2001ರ ಬೆಲೆ ಹೆಚ್ಚು ಬಂದರೆ ತಕ್ಕಡಿ ತಿರುಗಬಹುದು, ಎರಡೂ ಹಾಕಿ ನೋಡಿ. ಇದರ ಮೇಲೆ 4% ಸೆಸ್. ತೆರಿಗೆ ಉಳಿಸಬೇಕಾದರೆ ಆರು ತಿಂಗಳೊಳಗೆ ಬಂಡವಾಳ ಲಾಭದ ಬಾಂಡ್, ಗರಿಷ್ಠ 50 ಲಕ್ಷ, ಐದು ವರ್ಷ ಮುರಿಯುವಂತಿಲ್ಲ. 74ರ ವಯಸ್ಸಿನವರಿಗೆ ಐದು ವರ್ಷ ಹಣ ಕಟ್ಟಿಹಾಕುವುದು ಬೇಕೇ ಎಂದು ಅವರನ್ನೇ ಕೇಳಿ.

ಮೊತ್ತ 50 ಲಕ್ಷ ದಾಟಿರುವುದರಿಂದ ಕೊಡುವವರು 1% ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿಯಬೇಕು: 55,000 ಸರ್ಕಾರಕ್ಕೆ, 54 ಲಕ್ಷ 45 ಸಾವಿರ ಮಾವನ ಖಾತೆಗೆ. ಪತ್ರ ತಾಯಿಯ ಹೆಸರಿನಲ್ಲಿದ್ದರೆ ಹಣ ತಾಯಿಯ ಖಾತೆಯಿಂದಲೇ ಹೋಗಬೇಕು, ಟಿಡಿಎಸ್ ಅವರ ಪ್ಯಾನ್‌ನಿಂದಲೇ ಕಟ್ಟಬೇಕು. ಮೊದಲು ನೀವು ತಾಯಿಗೆ ಬ್ಯಾಂಕ್ ಮೂಲಕ ಕೊಡಿ, ಮಗನಿಂದ ತಾಯಿಗೆ ಬಂದ ಹಣಕ್ಕೆ ತೆರಿಗೆ ಇಲ್ಲ. ಮಾವನ ಪ್ಯಾನ್ ಆಧಾರ್ ಜೊತೆ ಜೋಡಣೆ ಆಗಿದೆಯೇ ಮೊದಲು ನೋಡಿ. ಆಗಿರದಿದ್ದರೆ 1% ಅಲ್ಲ, 20% ಹಿಡಿಯಬೇಕಾಗುತ್ತದೆ.

---

ಹಳೇ_ಕಾರ್ಯದರ್ಶಿ

ಪತ್ರ ನೋಂದಣಿ ಆದ ಮೇಲೆ ಇಂಡೆಕ್ಸ್-2 (ನೋಂದಣಿ ಕಚೇರಿ ಕೊಡುವ ಪತ್ರದ ಸಾರಾಂಶ) ಪ್ರತಿಯೊಂದಿಗೆ ಸೊಸೈಟಿಗೆ ಇನ್ನೊಮ್ಮೆ ಅರ್ಜಿ ಬೇಕು. ಮೊದಲ ಅರ್ಜಿಯಿಂದ ಇಬ್ಬರ ಹೆಸರು, ಎರಡನೆಯದರಿಂದ ತಾಯಿ ಒಬ್ಬರದೇ. ಶೇರ್ ಸರ್ಟಿಫಿಕೇಟ್ ಹಿಂಬದಿಯಲ್ಲಿ ಎರಡೂ ವರ್ಗಾವಣೆ ಬೇರೆ ಬೇರೆ ಸಾಲಿನಲ್ಲಿ, ಕಮಿಟಿ ಸಭೆಯ ದಿನಾಂಕದೊಂದಿಗೆ, ಅಧ್ಯಕ್ಷ, ಕಾರ್ಯದರ್ಶಿ ಮತ್ತು ಕಮಿಟಿ ಸದಸ್ಯರೊಬ್ಬರ ಸಹಿಯೊಂದಿಗೆ ಬರಬೇಕು. ಬೆಂಗಳೂರಿನ ಹಾಗೆ ಇಲ್ಲಿ ಫ್ಲಾಟಿಗೊಂದು ಖಾತಾ ಇಲ್ಲ. ನಿಮ್ಮ ಕೈಯಲ್ಲಿ ಉಳಿಯುವ ಕಾಗದ ಎಂದರೆ ಈ ಸರ್ಟಿಫಿಕೇಟ್, ನೋಂದಾಯಿತ ಪತ್ರ ಇಷ್ಟೇ. ಆಮೇಲೆ ಕರೆಂಟ್ ಮೀಟರ್, ಪೈಪ್ ಗ್ಯಾಸ್ ಹೆಸರು ಬದಲಾವಣೆ.

ತಾಯಿ ಸದಸ್ಯರಾದ ದಿನವೇ 14ನೇ ಅನುಬಂಧದ ನಾಮಿನೇಶನ್ ಫಾರ್ಮ್ ಮೂರು ಪ್ರತಿ ಕೊಡಿಸಿ, ಮೊದಲ ಸಲಕ್ಕೆ ಶುಲ್ಕವಿಲ್ಲ. ಕಮಿಟಿ ಸಭೆಯಲ್ಲಿ ದಾಖಲಾದ ಮೇಲೆ ಒಂದು ಪ್ರತಿ ಮುದ್ರೆಯೊಂದಿಗೆ ವಾಪಸ್ ಬರುತ್ತದೆ. ಅದನ್ನು ಉಯಿಲಿನ ಜೊತೆಗೇ ಇಡಿ, ಮತ್ತು ಎರಡರಲ್ಲೂ ಒಂದೇ ಹೆಸರು ಇರಲಿ.